ಅಚ್ಚು ಎಲ್ಲಿದೆ? ಪ್ಲಾಸ್ಟಿಕ್ ಕಾರ್ ಕಿಟ್‌ಗಳ ಮರುಬಿಡುಗಡೆಯ ಸುದ್ದಿಯನ್ನು ತೂಗಿ ನೋಡುವ ಬಗೆ

'ಬರುತ್ತದಂತೆ' ಎಂಬ ಒಂದು ಮಾತು ಸಾಕು, ಕಾರ್ ಕಿಟ್ (ಪುಟ್ಟ ಮಾದರಿ ಕಾರಿನ ಬಿಡಿಭಾಗಗಳ ಪೆಟ್ಟಿಗೆ) ಜೋಡಿಸುವವರ ಮನಸ್ಸು ಕೈಯಲ್ಲಿರುವ ಕೆಲಸ ಬಿಟ್ಟು ಓಡುತ್ತದೆ. ಮೂವತ್ತು ವರ್ಷದಿಂದ ಕಾಣದಿದ್ದ ಕಿಟ್ ಮತ್ತೆ ಬರುತ್ತದಂತೆ. ಜಪಾನಿನ ಕಂಪನಿಯೊಂದು ಅದೇ ಕಾರನ್ನು ಹೊಸ ಅಚ್ಚಿನಲ್ಲಿ ತರುತ್ತದಂತೆ. ಈ ಬಾರಿ ಎಂಜಿನ್ನೂ ಇರುತ್ತದಂತೆ. ಇಂಥ ಸುದ್ದಿಗಳಲ್ಲಿ ಕೆಲವು ನಿಜವಾಗುತ್ತವೆ, ಹಲವು ಗಾಳಿಗೆ ಹೋಗುತ್ತವೆ. ನಡುವೆ ಹೋಗುವುದು ನಮ್ಮ ದುಡ್ಡು. ಬಾರದ ಕಿಟ್ಟಿಗಾಗಿ ಕಾದು, ಸಿಗುತ್ತಿದ್ದ ಹಳೆಯದನ್ನು ಬಿಟ್ಟುಕೊಡುತ್ತೇವೆ. ಇಲ್ಲವೇ ಹಳೆಯದಕ್ಕೆ ಮೂರು ಪಟ್ಟು ತೆತ್ತ ಮೇಲೆ ಹೊಸದು ಅಂಗಡಿಗೆ ಬಂದು ಕೂರುತ್ತದೆ.

ಊಹೆ ಮಾಡುವುದು ತಪ್ಪಲ್ಲ. ಈ ಹವ್ಯಾಸದ ಅರ್ಧ ಸಂತೋಷ ಅದರಲ್ಲೇ ಇದೆ. ಆದರೆ ಊಹೆಗೆ ಉಕ್ಕಿನ ಆಧಾರ ಬೇಕು. ಪ್ರತಿ ಕಿಟ್ಟಿನ ಹಿಂದೆ ಉಕ್ಕಿನಲ್ಲಿ ಕೊರೆದ ಒಂದು ಅಚ್ಚು ಇರುತ್ತದೆ, ಕರಗಿದ ಪ್ಲಾಸ್ಟಿಕ್ ಅದರೊಳಗೆ ಹೋಗಿ ಬಿಡಿಭಾಗಗಳಾಗಿ ಹೊರಬರುತ್ತದೆ. ಆ ಅಚ್ಚು ಇಂದು ಯಾರ ಬಳಿ ಇದೆ, ಯಾವ ಸ್ಥಿತಿಯಲ್ಲಿದೆ, ಅದನ್ನು ಯಂತ್ರಕ್ಕೆ ಏರಿಸಿದರೆ ಮಾಲೀಕನಿಗೆ ಗಿಟ್ಟುತ್ತದೆಯೇ? ಈ ಮೂರು ಪ್ರಶ್ನೆಗಳನ್ನು ಬೆನ್ನು ಹತ್ತಿದರೆ ಹೆಚ್ಚಿನ ಗಾಳಿಸುದ್ದಿಗಳ ಬಣ್ಣ ತಾನಾಗಿ ಬಯಲಾಗುತ್ತದೆ. ನಾನು ಹೇಗೆ ಬೆನ್ನು ಹತ್ತುತ್ತೇನೆ ಎಂಬುದನ್ನು ಹೆಜ್ಜೆ ಹೆಜ್ಜೆಯಾಗಿ ಬರೆಯುತ್ತೇನೆ.

ಮೊದಲ ಹೆಜ್ಜೆ: 'ಹೊಸದು' ಎಂದರೆ ಯಾವ ಹೊಸದು?

ಅಂಗಡಿಯವರ ಬಾಯಲ್ಲಿ 'ಹೊಸ ಕಿಟ್' ಎಂಬ ಮಾತಿಗೆ ಕನಿಷ್ಠ ನಾಲ್ಕು ಅರ್ಥಗಳಿವೆ. ಒಂದು, ಪೂರ್ತಿ ಹೊಸ ಅಚ್ಚು: ಕಾರನ್ನು ಅಳೆದು, ಕಂಪ್ಯೂಟರಿನಲ್ಲಿ ಬಿಡಿಸಿ, ಉಕ್ಕನ್ನು ಮೊದಲಿನಿಂದ ಕೊರೆದದ್ದು. ಎರಡು, ಹಳೆಯ ಅಚ್ಚಿಗೆ ಒಂದೆರಡು ಹೊಸ ಚೌಕಟ್ಟು (ಬಿಡಿಭಾಗಗಳು ಅಂಟಿಕೊಂಡು ಬರುವ ಪ್ಲಾಸ್ಟಿಕ್ ಪಟ್ಟಿಗಳು) ಸೇರಿಸಿದ್ದು. ಅದೇ ಕಾರು, ಬೇರೆ ಬಂಪರ್, ಬೇರೆ ಚಕ್ರ. ಮೂರು, ಅಚ್ಚು ಅದೇ, ಪೆಟ್ಟಿಗೆಯ ಚಿತ್ರ ಮತ್ತು ಡೆಕಾಲ್ (ಕಾರಿನ ಮೈಗೆ ಅಂಟಿಸುವ ಅಕ್ಷರ, ಗುರುತುಗಳ ಹಾಳೆ) ಮಾತ್ರ ಹೊಸದು. ನಾಲ್ಕನೆಯದು ಇತ್ತೀಚಿನದು. ಮೂಲ ಅಚ್ಚು ಇಲ್ಲವಾದಾಗ ಹಳೆಯ ಕಿಟ್ಟನ್ನೇ ಮಾದರಿಯಾಗಿಟ್ಟುಕೊಂಡು ಅದೇ ಬಿಡಿಭಾಗಗಳು ಬರುವಂತೆ ಹೊಸ ಅಚ್ಚು ಕೊರೆಸುವುದು. ಅಮೆರಿಕದ ರೌಂಡ್ 2 ಕಂಪನಿ ಎಎಂಟಿ ಹೆಸರಿನಲ್ಲಿ ತಂದ 1963ರ ಷೆವಿ ಟೂ ನೋವಾ ಸ್ಟೇಷನ್ ವ್ಯಾಗನ್ ಈ ಬಗೆಯದು.

ಸ್ಕೇಲ್‌ಮೇಟ್ಸ್ ಜಾಲತಾಣದಲ್ಲಿ ಕಿಟ್ಟಿನ ಹೆಸರು ಹುಡುಕಿದರೆ ಅದರ ಕಾಲರೇಖೆ ಸಿಗುತ್ತದೆ: ಮೊದಲು ಯಾವ ವರ್ಷ, ಯಾವ ಕಂಪನಿಯಿಂದ, ಆಮೇಲೆ ಯಾವ ಯಾವ ಪೆಟ್ಟಿಗೆಯಲ್ಲಿ. ಹವ್ಯಾಸಿಗಳೇ ತುಂಬಿದ ಮಾಹಿತಿ ಅದು, ಅಲ್ಲಲ್ಲಿ ತಪ್ಪುಗಳಿರುತ್ತವೆ. ಆದರೂ ಶುರು ಮಾಡಲು ಅದಕ್ಕಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ. ಬ್ರಿಟನ್ನಿನ ಏರ್‌ಫಿಕ್ಸ್ ಕಂಪನಿಯ ವಿಷಯದಲ್ಲಂತೂ ಇಷ್ಟೂ ಕಷ್ಟವಿಲ್ಲ. ಹಳೆಯ ಅಚ್ಚಿನ ಕಿಟ್‌ಗಳನ್ನು ಅವರೇ 'ವಿಂಟೇಜ್ ಕ್ಲಾಸಿಕ್ಸ್' ಎಂಬ ಹೆಸರಿನಡಿ ಬೇರೆಯಾಗಿ ಮಾರುತ್ತಾರೆ, ಅವುಗಳ ಸಂಖ್ಯೆಯ ಕೊನೆಯಲ್ಲಿ 'ವಿ' ಅಕ್ಷರ ಇರುತ್ತದೆ. ಎಲ್ಲ ಕಂಪನಿಗಳೂ ಇಷ್ಟು ಪ್ರಾಮಾಣಿಕವಾಗಿದ್ದರೆ ಈ ಬರಹದ ಅರ್ಧಭಾಗ ಬೇಕಾಗುತ್ತಿರಲಿಲ್ಲ.

ಎರಡನೆಯ ಹೆಜ್ಜೆ: ಅಚ್ಚಿನ ವಂಶಾವಳಿ ಬರೆಯಿರಿ

ಇದು ಹೆಚ್ಚು ಸಮಯ ತಿನ್ನುವ, ಹೆಚ್ಚು ಫಲ ಕೊಡುವ ಹೆಜ್ಜೆ. ಕಂಪನಿಗಳು ಹುಟ್ಟುತ್ತವೆ, ಮುಳುಗುತ್ತವೆ. ಅಚ್ಚುಗಳು ಮಾತ್ರ ಕೈಯಿಂದ ಕೈಗೆ ಹೋಗುತ್ತಿರುತ್ತವೆ.

ಅಮೆರಿಕದ ಕಾರ್ ಕಿಟ್‌ಗಳನ್ನೇ ತೆಗೆದುಕೊಳ್ಳಿ. ಎಎಂಟಿ 1948ರಲ್ಲಿ ಮಿಷಿಗನ್‌ನಲ್ಲಿ ಹುಟ್ಟಿತು. ಕಾರ್ ಷೋರೂಮುಗಳು ಗಿರಾಕಿಗಳಿಗೆ ಕೊಡುತ್ತಿದ್ದ ಪ್ರಚಾರದ ಮಾದರಿ ಕಾರುಗಳನ್ನು ಮಾಡುವುದು ಅದರ ಮೊದಲ ಕಸುಬು. 1/25 ಅಳತೆ (ನಿಜವಾದ ಕಾರಿನ ಇಪ್ಪತ್ತೈದರಲ್ಲಿ ಒಂದು ಭಾಗ) ಅಮೆರಿಕದಲ್ಲಿ ಬೇರು ಬಿಟ್ಟದ್ದು ಆ ದಾರಿಯಿಂದಲೇ. 1978ರಲ್ಲಿ ಎಎಂಟಿ ಬ್ರಿಟನ್ನಿನ ಲೆಸ್ನಿ ಕಂಪನಿಯ ಕೈಗೆ ಹೋಯಿತು, ಎಂಬತ್ತರ ದಶಕದ ಆರಂಭದಲ್ಲಿ ಅಯೋವಾದ ಅರ್ಟಲ್ ಕಂಪನಿಗೆ. ಮಿಷಿಗನ್‌ನಲ್ಲೇ 1963ರಲ್ಲಿ ಶುರುವಾಗಿದ್ದ ಎದುರಾಳಿ ಎಂಪಿಸಿಯನ್ನೂ ಎಂಬತ್ತರ ದಶಕದ ನಡುವಿನಲ್ಲಿ ಅರ್ಟಲ್ ಕೊಂಡಿತು. 1999ರಲ್ಲಿ ಅರ್ಟಲ್ ರೇಸಿಂಗ್ ಚಾಂಪಿಯನ್ಸ್ ಎಂಬ ಕಂಪನಿಯ ತೆಕ್ಕೆಗೆ ಬಿತ್ತು. ಅದು ಆರ್‌ಸಿ2 ಎಂದು ಹೆಸರು ಬದಲಿಸಿಕೊಂಡು, 2011ರಲ್ಲಿ ಜಪಾನಿನ ಟೊಮಿ ಕಂಪನಿಯ ಪಾಲಾಯಿತು. ಕಿಟ್ ವಿಭಾಗ ಮಾತ್ರ ಇಂಡಿಯಾನಾ ರಾಜ್ಯದ ಸೌತ್ ಬೆಂಡ್‌ನ ರೌಂಡ್ 2 ಕಂಪನಿಗೆ ಬಂತು.

ಇಷ್ಟೆಲ್ಲ ಏಕೆ ತಿಳಿದಿರಬೇಕು? ಒಂದು ಕಾಲದಲ್ಲಿ ಪರಸ್ಪರ ಎದುರಾಳಿಗಳಾಗಿದ್ದ ಎಎಂಟಿ, ಎಂಪಿಸಿ ಅಚ್ಚುಗಳು ಇಂದು ಒಂದೇ ಮನೆಯಲ್ಲಿವೆ. ಹಾಗಾಗಿ ಎಂಪಿಸಿ ಅಚ್ಚಿನ ಕಾರು ಎಎಂಟಿ ಪೆಟ್ಟಿಗೆಯಲ್ಲಿ ಬರಬಹುದು, ಬಂದದ್ದೂ ಇದೆ. 'ಎಂಪಿಸಿ ಮುಚ್ಚಿಹೋಯಿತು, ಆ ಕಿಟ್ ಇನ್ನು ಬಾರದು' ಎನ್ನುವವರಿಗೆ ಈ ವಂಶಾವಳಿಯೇ ಉತ್ತರ.

ರೆವೆಲ್, ಮಾನೊಗ್ರಾಮ್ ಕಂಪನಿಗಳ ಕಥೆಯೂ ಹೀಗೆಯೇ. ಕ್ಯಾಲಿಫೋರ್ನಿಯಾದ ರೆವೆಲ್, ಷಿಕಾಗೊ ಕಡೆಯ ಮಾನೊಗ್ರಾಮ್ 1986ರಲ್ಲಿ ಒಂದಾದವು. 2007ರಲ್ಲಿ ಹಾಬಿಕೊ ಕಂಪನಿ ಅವನ್ನು ಕೊಂಡಿತು. 2018ರ ಜನವರಿಯಲ್ಲಿ ಹಾಬಿಕೊ ದಿವಾಳಿ ಅರ್ಜಿ ಹಾಕಿದಾಗ ಎದ್ದ ಗುಲ್ಲು ನನಗೆ ಚೆನ್ನಾಗಿ ನೆನಪಿದೆ. ಅಚ್ಚುಗಳೆಲ್ಲ ಗುಜರಿಗೆ ಹೋಗುತ್ತವೆ ಎಂದು ಹೆದರಿ ಸಿಕ್ಕಿದ ರೆವೆಲ್ ಪೆಟ್ಟಿಗೆಗಳನ್ನು ಸಿಕ್ಕಿದ ಬೆಲೆಗೆ ಕೊಂಡವರಿದ್ದರು. ಅದೇ ವರ್ಷ ಏಪ್ರಿಲ್‌ನಲ್ಲಿ ಜರ್ಮನಿಯ ಹೂಡಿಕೆ ಸಂಸ್ಥೆಯೊಂದು ರೆವೆಲ್ ಅನ್ನು ಕೊಂಡಿತು, ಕಿಟ್‌ಗಳು ಮತ್ತೆ ಬರತೊಡಗಿದವು. ಅಚ್ಚು ಆಸ್ತಿ. ದಿವಾಳಿಯಾದವನ ಆಸ್ತಿಯನ್ನು ಯಾರಾದರೂ ಕೊಂಡೇ ಕೊಳ್ಳುತ್ತಾರೆ.

ಹಾಗೆಂದು ಎಲ್ಲ ಅಚ್ಚುಗಳೂ ಚಿರಂಜೀವಿಗಳಲ್ಲ. ಅರವತ್ತರ ದಶಕದ 'ವಾರ್ಷಿಕ' ಕಿಟ್‌ಗಳನ್ನು ನೋಡಿ. ಡೆಟ್ರಾಯಿಟಿನ ಕಾರುಗಳು ಪ್ರತಿ ವರ್ಷ ಮುಖ ಬದಲಿಸುತ್ತಿದ್ದವು. ಕಿಟ್ ಕಂಪನಿಯವರು ಪ್ರತಿ ವರ್ಷ ಹೊಸ ಅಚ್ಚು ಕೊರೆಸುವ ಬದಲು ಹಿಂದಿನ ವರ್ಷದ ಅಚ್ಚನ್ನೇ ತಿದ್ದುತ್ತಿದ್ದರು. ತಿದ್ದಿದ ಮೇಲೆ ಹಿಂದಿನ ವರ್ಷದ ಕಾರು ಇಲ್ಲ. ಕೊನೆಗೆ ಮಾರುಕಟ್ಟೆ ಬದಲಾದಾಗ ಅದೇ ಬಾಡಿಯ ಚಕ್ರದ ಕಮಾನು ಅಗಲಿಸಿ ರೇಸ್ ಕಾರು ಮಾಡಿಬಿಟ್ಟರು. ಅಂಥ ಅಚ್ಚಿನಿಂದ ಮೂಲ ಷೋರೂಮ್ ರೂಪದ ಕಾರು 'ಮತ್ತೆ ಬರುತ್ತದಂತೆ' ಎಂದರೆ ಕೇಳಬೇಕಾದ ಪ್ರಶ್ನೆ ಒಂದೇ: ತಿದ್ದಿದ ಉಕ್ಕನ್ನು ಹಿಂದಕ್ಕೆ ತಿದ್ದುವವರು ಯಾರು? ಕಾರಿನ ಬಾಡಿಯ ಭಾಗಕ್ಕೆ ಹೊಸ ಅಚ್ಚು ಕೊರೆಸಿದರೆ ಮಾತ್ರ ಸಾಧ್ಯ. ನೋವಾ ವ್ಯಾಗನ್ ಆ ದಾರಿಯಿಂದ ಬಂದದ್ದರಿಂದಲೇ ನಮ್ಮಂಥವರಿಗೆ ಅಷ್ಟು ಸಂಭ್ರಮವಾದದ್ದು.

'ಅಚ್ಚು ನಾಶವಾಗಿದೆ' ಎಂಬ ಕಥೆಗಳನ್ನೂ ಹೀಗೆಯೇ ತೂಗಬೇಕು. 1977ರಲ್ಲಿ ಅರೋರಾ ಕಂಪನಿಯ ಅಚ್ಚುಗಳನ್ನು ಮಾನೊಗ್ರಾಮ್ ಕೊಂಡಾಗ, ನ್ಯೂಯಾರ್ಕಿನಿಂದ ಸಾಗಿಸುತ್ತಿದ್ದ ರೈಲು ಹಳಿ ತಪ್ಪಿ ಅಚ್ಚುಗಳು ಹಾಳಾದವು ಎಂಬ ಕಥೆ ಹವ್ಯಾಸಿಗಳ ನಡುವೆ ಇಂದಿಗೂ ಓಡಾಡುತ್ತದೆ. ಯಾವ ಅರೋರಾ ಕಿಟ್ ಕಾಣದಿದ್ದರೂ ತಪ್ಪೆಲ್ಲ ಆ ರೈಲಿನ ತಲೆಗೆ. ಕಥೆ ಎಷ್ಟು ಚೆನ್ನಾಗಿದೆಯೋ ಅಷ್ಟು ಅನುಮಾನದಿಂದ ಕೇಳಿ. ಆ ಕಿಟ್ 1977ರ ನಂತರ ಯಾವ ಪೆಟ್ಟಿಗೆಯಲ್ಲಾದರೂ ಬಂದಿದೆಯೇ ಎಂದು ಕಾಲರೇಖೆಯಲ್ಲಿ ನೋಡಿ. ಬಂದಿದ್ದರೆ, ಅದು ಹಳೆಯದನ್ನು ನೋಡಿ ಕೊರೆಸಿದ ಹೊಸ ಅಚ್ಚಿನದಲ್ಲವಾದರೆ, ಮೂಲ ಅಚ್ಚು ಉಳಿದಿತ್ತು, ಅಷ್ಟೇ.

ಯೂರೋಪಿನ ಕವಲುಗಳನ್ನೂ ಗುರುತಿಟ್ಟುಕೊಳ್ಳಿ. ಇಟಲಿಯ ಎಸ್ಸಿ ಕಂಪನಿಯ ಹಲವು ಅಚ್ಚುಗಳು ಅದೇ ದೇಶದ ಇಟಲೇರಿ ಕಂಪನಿಗೆ ಬಂದಿವೆ. ಮೋಟಾರ್‌ಸೈಕಲ್ ರೇಸಿನ ಟಾರ್ಕ್ವಿನಿಯೊ ಪ್ರೊವಿನಿ ಕಟ್ಟಿದ ಪ್ರೊಟಾರ್ ಕಂಪನಿಯ 1/12 ಅಚ್ಚುಗಳೂ ಅಲ್ಲಿಗೇ ಬಂದವು. ಇಟಲೇರಿ ಪೆಟ್ಟಿಗೆಯಲ್ಲಿ ಬಂದ ದೊಡ್ಡ ಫಿಯಟ್ 806 ರೇಸ್ ಕಾರು ಮೂಲದಲ್ಲಿ ಪ್ರೊಟಾರ್‌ನದು. ಏರ್‌ಫಿಕ್ಸ್ ಪಾಲಿಟಾಯ್, ಹಂಬ್ರೋಲ್ ಕಂಪನಿಗಳ ಕೈದಾಟಿ 2006ರಲ್ಲಿ ಹಾರ್ನ್‌ಬಿ ಕಂಪನಿ ಸೇರಿತು. ಮುಂದೆ ಬಂದ ಎಷ್ಟೋ ಏರ್‌ಫಿಕ್ಸ್ ಪೆಟ್ಟಿಗೆಗಳ ಮೇಲೆ 'ಮೇಡ್ ಇನ್ ಇಂಡಿಯಾ' ಎಂದಿರುತ್ತದೆ. ಬ್ರಿಟಿಷ್ ಕಿಟ್ ಭಾರತದಲ್ಲಿ ಅಚ್ಚಾಗಿ ಹಡಗು ಹತ್ತಿತ್ತು ಎಂಬುದನ್ನು ಮೊದಲ ಸಲ ಪೆಟ್ಟಿಗೆಯ ಅಂಚಿನಲ್ಲಿ ಓದಿದಾಗ ನನಗೆ ಆದ ಹೆಮ್ಮೆ ಸಣ್ಣದಲ್ಲ.

ಮೂರನೆಯ ಹೆಜ್ಜೆ: ಪ್ಲಾಸ್ಟಿಕ್ಕನ್ನೇ ಓದಿ

ಕೈಯಲ್ಲಿ ಒಂದು ಕಿಟ್ ಇದ್ದರೆ ಕಾಗದದ ಸಾಕ್ಷಿಗಿಂತ ಗಟ್ಟಿ ಸಾಕ್ಷಿ ನಿಮ್ಮ ಮೇಜಿನ ಮೇಲಿದೆ ಎಂದೇ ಅರ್ಥ. ಒಂದು ಮೇಜುದೀಪ, ಒಂದು ಭೂತಗನ್ನಡಿ ಸಾಕು.

ಮೊದಲು ಚಾಸಿಯನ್ನು (ಕಾರಿನ ತಳದ ಭಾಗ) ಬೋರಲು ಹಾಕಿ, ಒಳಮೈ, ಹೊರಮೈ ಎರಡನ್ನೂ ದೀಪಕ್ಕೆ ಓರೆಯಾಗಿ ಹಿಡಿಯಿರಿ. ನೇರ ಬೆಳಕಿನಲ್ಲಿ ಕಾಣದ ಉಬ್ಬಕ್ಷರಗಳು ಓರೆ ಬೆಳಕಿನಲ್ಲಿ ಎದ್ದು ಕಾಣುತ್ತವೆ: ಕಂಪನಿಯ ಹೆಸರು, ಕಾಪಿರೈಟ್ ಗುರುತು, ಒಂದು ವರ್ಷ. ರೆವೆಲ್ ಪೆಟ್ಟಿಗೆಯಿಂದ ತೆಗೆದ ಒಂದು ಚಾಸಿಯ ಮೇಲೆ ನನಗೆ ಮಾನೊಗ್ರಾಮ್ ಹೆಸರು, ಜೊತೆಗೆ ಎಂಬತ್ತರ ದಶಕದ ಇಸವಿ ಸಿಕ್ಕಿತ್ತು. ಪೆಟ್ಟಿಗೆಯ ಬದಿಯಲ್ಲಿ ಅಚ್ಚಾಗಿದ್ದ ವರ್ಷ ಅದಕ್ಕಿಂತ ಮೂರು ದಶಕ ಈಚಿನದು. ಕೆಲವೊಮ್ಮೆ ಹೊಸ ಮಾಲೀಕರು ಹಳೆಯ ಹೆಸರನ್ನು ಅಚ್ಚಿನಲ್ಲಿ ಮುಚ್ಚಿಸಿರುತ್ತಾರೆ. ಆಗ ಆ ಜಾಗದಲ್ಲಿ ಸುತ್ತಲಿನ ಮೈಗಿಂತ ಬೇರೆ ಹೊಳಪಿನ ಒಂದು ಆಯತಾಕಾರದ ಕಲೆ ಉಳಿಯುತ್ತದೆ. ಬೆರಳ ತುದಿಯಿಂದ ಸವರಿದರೆ ಅದರ ಅಂಚು ಸಿಗುತ್ತದೆ. ಹೆಸರಿಲ್ಲದ ಆ ಕಲೆಯೇ ಹಳೆಯ ಅಚ್ಚಿನ ಸಹಿ. ಇಸವಿಯ ವಿಷಯದಲ್ಲಿ ಒಂದು ಎಚ್ಚರ: ಅದು ಆ ಚೌಕಟ್ಟಿನ ವರ್ಷ, ಇಡೀ ಕಿಟ್ಟಿನದಲ್ಲ. ಜಪಾನಿನ ತಮಿಯಾ ಕಂಪನಿಯ ಕಿಟ್‌ಗಳಲ್ಲಿ ಚೌಕಟ್ಟಿನ ಪಟ್ಟಿಯ ಮೇಲೆ ವರ್ಷ ಇರುತ್ತದೆ. ಒಂದೇ ಪೆಟ್ಟಿಗೆಯ ಎರಡು ಚೌಕಟ್ಟುಗಳ ವರ್ಷ ಬೇರೆ ಬೇರೆ ಆಗಿದ್ದರೆ, ಹಳೆಯ ಕಿಟ್ಟಿಗೆ ಹೊಸ ಭಾಗ ಸೇರಿಸಿದ್ದಾರೆ ಎಂದು ತಿಳಿಯಬೇಕು.

ಎರಡನೆಯದು ಅಚ್ಚಿನ ಗೆರೆ. ಕಾರಿನ ಬಾಡಿ ಒಂದೇ ತುಂಡಾಗಿ ಬರಬೇಕಾದರೆ ಅಚ್ಚು ಮೇಲಿನಿಂದ, ನಾಲ್ಕೂ ಬದಿಯಿಂದ ಸರಿದು ಕೂಡಿಕೊಳ್ಳಬೇಕು. ಆ ತುಂಡುಗಳು ಕೂಡುವಲ್ಲಿ ಫೆಂಡರಿನ ಮೇಲೆ, ಚಾವಣಿಯ ಕಂಬದ ಉದ್ದಕ್ಕೆ ಕೂದಲೆಳೆಯಂಥ ಗೆರೆ ಬರುತ್ತದೆ. ಹೊಸ ಅಚ್ಚಿನಲ್ಲಿ ಈ ಗೆರೆ ಉಗುರಿಗೆ ಸಿಕ್ಕೂ ಸಿಗದ ಹಾಗಿರುತ್ತದೆ. ಸಾವಿರಾರು ಬಾರಿ ತೆರೆದು ಮುಚ್ಚಿದ ಅಚ್ಚಿನ ಅಂಚು ಸವೆದಿರುವುದರಿಂದ ಅಲ್ಲಿ ಒಂದು ಮೆಟ್ಟಿಲೇ ಆಗಿರುತ್ತದೆ, ಸಣ್ಣ ಭಾಗಗಳ ಅಂಚಿನಲ್ಲಿ ಪ್ಲಾಸ್ಟಿಕ್ಕಿನ ತೆಳು ಪದರ ಹೊರಚಾಚಿರುತ್ತದೆ. ಇದನ್ನೇ ಫ್ಲ್ಯಾಷ್ ಎನ್ನುತ್ತಾರೆ. ಕಳೆದ ಸಲದ ಮರುಬಿಡುಗಡೆಯಲ್ಲೇ ಫ್ಲ್ಯಾಷ್ ವಿಪರೀತವಾಗಿದ್ದರೆ, ಮುಂದಿನ ಸಲ ಮಾಲೀಕರು ಒಂದೋ ಅಚ್ಚನ್ನು ರಿಪೇರಿ ಮಾಡಿಸಬೇಕು, ಇಲ್ಲವೇ ಕೈಬಿಡಬೇಕು.

ಮೂರನೆಯದು ನನಗೆ ಅತ್ಯಂತ ಪ್ರಿಯವಾದದ್ದು: ಬಳಕೆಯಾಗದ ಭಾಗಗಳು. ಸೂಚನಾ ಹಾಳೆಯಲ್ಲಿ ಕೆಲವು ಭಾಗಗಳನ್ನು ಬೂದು ಬಣ್ಣದಲ್ಲಿ ಅಥವಾ ಅಡ್ಡಗೆರೆ ಹಾಕಿ 'ಬೇಡ' ಎಂದು ತೋರಿಸಿರುತ್ತಾರೆ. ಅವನ್ನು ಕಸವೆಂದು ಬಿಸಾಡಬೇಡಿ, ಮೊದಲು ಓದಿ. ಇನ್ನೊಂದು ಬಗೆಯ ಬಂಪರ್ ಇದೆಯೇ? ಎಡಗಡೆ ಸ್ಟೀರಿಂಗ್‌ನ ಡ್ಯಾಶ್‌ಬೋರ್ಡ್ ಇದೆಯೇ? ಬಾಡಿಯ ಒಳಮೈಯಲ್ಲಿ ಮುಂದೆಂದೋ ಕೊರೆಯಲು ಗುರುತು ಮಾಡಿದ ಸಣ್ಣ ಕುಳಿಗಳಿವೆಯೇ? ಇದ್ದರೆ ಆ ಅಚ್ಚಿನಿಂದ ಇನ್ನೊಂದು ಮಾದರಿ ಬಂದಾಗಿದೆ, ಇಲ್ಲವೇ ಬರಲಿದೆ. ಮೋಬಿಯಸ್ ಕಂಪನಿ ಹಡ್ಸನ್ ಹಾರ್ನೆಟ್ ಕಾರನ್ನೂ ಅರವತ್ತು, ಎಪ್ಪತ್ತರ ದಶಕದ ಫೋರ್ಡ್ ಪಿಕಪ್‌ಗಳನ್ನೂ ತಂತಮ್ಮ ಒಂದೊಂದು ಮೂಲ ಅಚ್ಚಿನ ಸುತ್ತ ವರ್ಷದಿಂದ ವರ್ಷಕ್ಕೆ ಬೆಳೆಸಿದ್ದು ಈ ಲೆಕ್ಕಾಚಾರದಿಂದಲೇ. ಗ್ರಿಲ್, ಬಂಪರ್, ಡಿಕ್ಕಿ ಬೇರೆ ಬೇರೆ ತುಂಡುಗಳಾಗಿ ಬಂದಿವೆ ಎಂದರೆ ಕಂಪನಿ ಮುಂದಿನ ಮಾದರಿಗೆ ಜಾಗ ಬಿಟ್ಟಿದೆ.

ನಾಲ್ಕನೆಯ ಹೆಜ್ಜೆ: ಸುದ್ದಿ ಯಾರ ಬಾಯಿಂದ, ಯಾವ ತಿಂಗಳಲ್ಲಿ?

ಕಿಟ್ ಲೋಕಕ್ಕೂ ಹಬ್ಬದ ಪಂಚಾಂಗವಿದೆ. ಜನವರಿ ಕೊನೆ ಅಥವಾ ಫೆಬ್ರವರಿ ಮೊದಲಲ್ಲಿ ಜರ್ಮನಿಯ ನ್ಯೂರೆಂಬರ್ಗ್ ಆಟಿಕೆ ಮೇಳ. ಯೂರೋಪಿನ ಕಂಪನಿಗಳ ವರ್ಷದ ಪಟ್ಟಿ ಆ ಹೊತ್ತಿಗೆ ಹೊರಬೀಳುತ್ತದೆ. ಮೇ ತಿಂಗಳಲ್ಲಿ ಜಪಾನಿನ ಶಿಜುವೊಕಾ ಹಾಬಿ ಷೋ. ತಮಿಯಾ, ಹಸೆಗಾವಾ, ಆವೊಷಿಮಾ, ಫುಜಿಮಿ ಕಂಪನಿಗಳೆಲ್ಲವೂ ಶಿಜುವೊಕಾ ಪ್ರಾಂತ್ಯದವೇ, ಹಾಗಾಗಿ ಅದು ಅವರ ಮನೆಯ ಜಾತ್ರೆ. ಶರತ್ಕಾಲದಲ್ಲಿ ಟೋಕಿಯೊದಲ್ಲಿ ಇನ್ನೊಂದು ಪ್ರದರ್ಶನ. ಮೇಳಕ್ಕೆ ಎರಡು ವಾರ ಮುಂಚೆ ಬರುವ ಗುಸುಗುಸುವಿಗೆ ತುಸು ಹೆಚ್ಚು ಬೆಲೆ ಕೊಡಿ, ಏಕೆಂದರೆ ಆ ಹೊತ್ತಿಗೆ ಪಟ್ಟಿಗಳು ವಿತರಕರ ಕೈ ಸೇರಿರುತ್ತವೆ. ಮೇಳ ಮುಗಿದ ಮರುತಿಂಗಳು 'ಇನ್ನೂ ಒಂದು ಗುಟ್ಟಿನ ಕಿಟ್ ಇದೆಯಂತೆ' ಎಂದರೆ ಬೆಲೆ ಕೊಡಬೇಡಿ.

ಸಾಕ್ಷಿಗಳಿಗೂ ಒಂದು ಏಣಿ ಇದೆ. ಕೆಳಗಿನ ಮೆಟ್ಟಿಲಲ್ಲಿ 'ನನಗೆ ಗೊತ್ತಿರುವವರು ಹೇಳಿದರು'. ಅದಕ್ಕಿಂತ ಮೇಲೆ, ಜಪಾನಿನ ಹಾಬಿಲಿಂಕ್ ಜಪಾನ್‌ನಂಥ ದೊಡ್ಡ ಅಂಗಡಿಯಲ್ಲಿ ಸಂಖ್ಯೆ, ಬೆಲೆ, ತಿಂಗಳು ಸಮೇತ ಮುಂಗಡ ಬುಕಿಂಗ್. ಅದಕ್ಕಿಂತ ಮೇಲೆ, ಕಂಪನಿಯ ಸ್ವಂತ ಪ್ರಕಟಣೆ. ಎಲ್ಲಕ್ಕಿಂತ ಮೇಲೆ ಪ್ರಯೋಗದ ತುಂಡು, ಅಂದರೆ ಹೊಸ ಅಚ್ಚಿನಿಂದ ಪರೀಕ್ಷೆಗೆಂದು ತೆಗೆದ ಮೊದಲ ಪ್ಲಾಸ್ಟಿಕ್ ಭಾಗಗಳ ಚಿತ್ರ. ಪೆಟ್ಟಿಗೆಯ ಚಿತ್ರವನ್ನೂ ಕಂಪ್ಯೂಟರಿನಲ್ಲಿ ಬಿಡಿಸಿದ ಕಾರನ್ನೂ ಸಾಕ್ಷಿ ಎಂದು ನಂಬಬೇಡಿ. ಅವು ಆಸೆಯ ಚಿತ್ರಗಳು. ಉಕ್ಕಿನಿಂದ ಹೊರಬಂದ ಪ್ಲಾಸ್ಟಿಕ್ ಕಂಡ ಮೇಲೆ ಮಾತ್ರ 'ಬರುತ್ತದೆ' ಎನ್ನಿ, ಅಲ್ಲಿಯವರೆಗೆ 'ಬರುತ್ತದಂತೆ'.

ಸಂಖ್ಯೆಗಳೂ ಮಾತಾಡುತ್ತವೆ. ಹಸೆಗಾವಾದ 1/24 ಕಾರುಗಳಲ್ಲಿ 21 ಎಂದು ಶುರುವಾಗುವ ಐದಂಕಿಯ ಸಂಖ್ಯೆ ಖಾಯಂ ಪಟ್ಟಿಯದು, 20 ಎಂದು ಶುರುವಾಗುವುದು ಸೀಮಿತ ಆವೃತ್ತಿ. ಸೀಮಿತ ಆವೃತ್ತಿ ಮುಗಿದರೆ ಅದೇ ರೂಪದಲ್ಲಿ ಮತ್ತೆ ಸಿಗುವುದು ಕಷ್ಟ. ಖಾಯಂ ಪಟ್ಟಿಯದು ಅಂಗಡಿಯಲ್ಲಿ ಇಲ್ಲವೆಂದರೆ ಮುಂದಿನ ಸರದಿಗಾಗಿ ಕಾಯುತ್ತಿದೆ ಎಂದು ಮಾತ್ರ ಅರ್ಥ. ತಮಿಯಾ ಕಿಟ್‌ಗಳಿಗೂ ಇದೇ ಮಾತು. ದಾಸ್ತಾನು ಮುಗಿದಿದೆ ಎಂಬ ಒಂದು ಸಾಲನ್ನು 'ನಿಂತುಹೋಯಿತು' ಎಂದು ಓದಿ ಗಾಬರಿಯಾಗುವವರೇ ಬೆಲೆ ಏರಿಸುವವರು.

ಐದನೆಯ ಹೆಜ್ಜೆ: ಪರವಾನಗಿ

ಅಚ್ಚಿದ್ದರೂ ಕಿಟ್ ಬಾರದಿರಲು ಇದು ಕಾರಣ. ಕಾರ್ ಕಂಪನಿ, ಟೈರ್ ಕಂಪನಿ, ರೇಸಿನ ಪ್ರಾಯೋಜಕರು, ಎಲ್ಲರ ಹೆಸರಿಗೂ ಒಪ್ಪಿಗೆ ಬೇಕು. ಮರುಬಿಡುಗಡೆಯ ಕಿಟ್‌ಗಳಲ್ಲಿ ಟೈರಿನ ಬದಿ ಬೋಳಾಗಿರುವುದನ್ನು ನೀವು ನೋಡಿರಬಹುದು: ಒಪ್ಪಿಗೆ ಇಲ್ಲದ ಹೆಸರನ್ನು ಅಚ್ಚಿನಿಂದ ತೆಗೆದಿದ್ದಾರೆ. ಫಾರ್ಮುಲಾ ಒನ್ ಕಾರುಗಳ ಕಥೆ ಇನ್ನೂ ಬೇಸರದ್ದು. ತಂಬಾಕು ಜಾಹೀರಾತಿನ ನಿಷೇಧಗಳು ಬಿಗಿಯಾದ ಮೇಲೆ ಹಳೆಯ ಕಾರುಗಳ ಡೆಕಾಲ್ ಹಾಳೆಗಳಲ್ಲಿ ಸಿಗರೇಟಿನ ಹೆಸರುಗಳಿಲ್ಲ. ಮೆಕ್ಲಾರೆನ್ ಬಾಡಿ ಅದೇ, ಬದಿಯಲ್ಲಿ ಬರೀ ಕೆಂಪು, ಬಿಳಿ. ಇಂಥ ಕಿಟ್ ಮತ್ತೆ ಬರುವ ಸುದ್ದಿ ನಿಜವಾದರೂ, ಬೇರೆಯವರು ಮಾರುವ ಡೆಕಾಲ್ ಹಾಳೆಗೆ ಕೊಡುವ ಹಣವನ್ನು ಮೊದಲೇ ಲೆಕ್ಕಕ್ಕೆ ಸೇರಿಸಿ.

ಒಂದು ಸುದ್ದಿಯನ್ನು ತೂಗಿ ನೋಡೋಣ: ಜಿಪ್ಸಿ ಬರುತ್ತದೆಯೇ?

ಹಸೆಗಾವಾ ಸುಜುಕಿ ಜಿಮ್ನಿಯ ಜೆಎ11 ಮಾದರಿಯನ್ನು 1/24ರಲ್ಲಿ ಹೊಸ ಅಚ್ಚಿನಲ್ಲಿ ತಂದಾಗ ನಮ್ಮಲ್ಲಿ ಎದ್ದ ಮೊದಲ ಮಾತು: 'ಹಾಗಾದರೆ ಮಾರುತಿ ಜಿಪ್ಸಿಯೂ ಬರುತ್ತದೆ.' 1985ರಿಂದ ನಮ್ಮ ಪೊಲೀಸ್ ಠಾಣೆಗಳ ಮುಂದೆ, ಸೈನ್ಯದ ಸಾಲುಗಳಲ್ಲಿ, ನಾಗರಹೊಳೆ, ಬಂಡೀಪುರದ ಕಾಡುದಾರಿಗಳಲ್ಲಿ ಕಂಡ ಗಾಡಿ ಅದು, ಜಿಮ್ನಿಯದೇ ಉದ್ದನೆಯ ರೂಪ. ಆಸೆ ಸಹಜ. ನನಗೂ ಇದೆ. ಈಗ ತೂಗೋಣ.

ಅಚ್ಚು ಎಲ್ಲಿದೆ? ಹಸೆಗಾವಾ ಬಳಿಯೇ, ಹೊಸದಾಗಿ, ಸುಸ್ಥಿತಿಯಲ್ಲಿ. ಅದರಿಂದ ಗ್ರಿಲ್, ಬಂಪರ್, ಚಕ್ರ ಬದಲಿಸಿದ ಸೀಮಿತ ಆವೃತ್ತಿಗಳೂ ಬಂದಿವೆ. ಇಲ್ಲಿಯವರೆಗೆ ಒಳ್ಳೆಯ ಸುದ್ದಿ.

ಈಗ ಅಳತೆ. ಜೆಎ11 ಜಿಮ್ನಿಯ ಮುಂದಿನ, ಹಿಂದಿನ ಚಕ್ರಗಳ ನಡುವಿನ ದೂರ 2030 ಮಿಲಿಮೀಟರ್. 1/24ರಲ್ಲಿ ಅದು 84.6 ಮಿಲಿಮೀಟರ್. ಜಿಪ್ಸಿಯದು 2375, ಅಂದರೆ 99 ಮಿಲಿಮೀಟರ್. ಹದಿನಾಲ್ಕು ಮಿಲಿಮೀಟರಿಗಿಂತ ಹೆಚ್ಚು ವ್ಯತ್ಯಾಸ, ಇಷ್ಟು ಪುಟ್ಟ ಗಾಡಿಯಲ್ಲಿ ಅದು ಬಹಳ ದೊಡ್ಡದು. ಬಾಡಿಯ ಎರಡೂ ಬದಿ, ಚಾಸಿ, ಹಿಂದಿನ ಸೀಟಿನ ನೆಲ ಎಲ್ಲವೂ ಹೊಸದಾಗಬೇಕು. ಅಗಲವೂ ಹೊಂದುವುದಿಲ್ಲ. ಜೆಎ11 ಜಪಾನಿನ ಕೇ ಕಾರ್ (ಅತಿ ಚಿಕ್ಕ ಕಾರುಗಳ ವರ್ಗ) ನಿಯಮಕ್ಕೆ ಒಳಪಟ್ಟ ಗಾಡಿ, ಅಗಲ ಆಗ 1.40 ಮೀಟರ್ ದಾಟುವಂತಿರಲಿಲ್ಲ. ಜಿಪ್ಸಿಗೆ ಆ ಕಟ್ಟಳೆ ಇಲ್ಲ. ಅಂದರೆ ಇದು 'ಹಳೆಯ ಅಚ್ಚಿಗೆ ಹೊಸ ಭಾಗ' ಅಲ್ಲ, ಹೆಚ್ಚುಕಡಿಮೆ ಪೂರ್ತಿ ಹೊಸ ಅಚ್ಚು.

ಗಿಟ್ಟುತ್ತದೆಯೇ? ಹಸೆಗಾವಾ ಕಿಟ್ಟಿನ ಮೊದಲ ಗಿರಾಕಿ ಜಪಾನಿನವನು, ಅವನ ನೆನಪಿನಲ್ಲಿರುವುದು ಗಿಡ್ಡ ಜಿಮ್ನಿ. ಉದ್ದದ ಗಾಡಿ ಮುಖ್ಯವಾಗಿ ಹೊರದೇಶಗಳದ್ದು. ನಮ್ಮ ದೇಶದಲ್ಲಿ ಕಿಟ್ ಕೊಳ್ಳುವವರ ಸಂಖ್ಯೆ ಇನ್ನೂ ಚಿಕ್ಕದು. ನನ್ನ ತೀರ್ಪು: ಬರುವ ಸಂಭವ ಬಹಳ ಕಡಿಮೆ, ಕಾಯುವುದು ಬೇಡ. ಜಿಮ್ನಿ ಕಿಟ್ ಕೊಂಡು ಬಾಗಿಲಿನ ಹಿಂದೆ ಕೊಯ್ದು, ಪ್ಲಾಸ್ಟಿಕ್ ಹಾಳೆ ಸೇರಿಸಿ ಉದ್ದ ಮಾಡುವುದೇ ದಾರಿ. ಗ್ರಿಲ್, ಬಾನೆಟ್ಟಿನ ಆಕಾರ, ಬಲಗಡೆಯ ಸ್ಟೀರಿಂಗ್ ಅದರಿಂದ ಸಿಗುತ್ತವೆ. ಫೆಂಡರಿನ ಅಗಲಕ್ಕೆ ಪುಟ್ಟಿ ಹಚ್ಚುವ ತಾಳ್ಮೆ ಬೇಕು.

ಕೊಳ್ಳುವುದೋ, ಕಾಯುವುದೋ?

ಕೆಲವು ವರ್ಷಗಳ ಹಿಂದೆ ಅರವತ್ತರ ದಶಕದ ಒಂದು ಅಮೆರಿಕನ್ ವ್ಯಾಗನ್ ಕಿಟ್ಟನ್ನು ವಿದೇಶದ ಮಾರಾಟಗಾರರೊಬ್ಬರಿಂದ ತರಿಸಿದೆ. ಬೆಲೆ ಹೇಳಲು ಈಗಲೂ ಮನಸ್ಸಾಗುವುದಿಲ್ಲ. ಪೆಟ್ಟಿಗೆ ತೆರೆದಾಗ ಡೆಕಾಲ್ ಹಾಳೆ ಚಹಾ ಬಣ್ಣಕ್ಕೆ ತಿರುಗಿತ್ತು. ಮುಂದಿನ ಗಾಜನ್ನು ಎತ್ತಿದೆ, ಜೊತೆಗೆ ಒಂದು ಟೈರೂ ಎದ್ದು ಬಂತು. ಮೆಲ್ಲಗೆ ಬಿಡಿಸಿದಾಗ ಗಾಜಿನ ನಡುವೆ ಟೈರಿನ ಗೀರುಗಳ ಸಮೇತ ಒಂದು ಅರ್ಧಚಂದ್ರ ಕರಗಿ ಕೂತಿತ್ತು. ಮೆತ್ತನೆಯ ವಿನೈಲ್ ಟೈರಿನಲ್ಲಿರುವ ಮೃದುಕಾರಕ ವರ್ಷಗಟ್ಟಲೆ ಹೊರಸೂಸಿ, ತಾಗಿದ ಪಾಲಿಸ್ಟೈರೀನನ್ನು ಕರಗಿಸುತ್ತದೆ. ಮೂಲ ಕಿಟ್ಟಿನ ಗಾಜಿಗೆ ಬದಲಿ ಎಲ್ಲಿ ತರುವುದು? ಅಷ್ಟರಲ್ಲಿ ಅದೇ ಕಾರಿನ ಹೊಸ ಅಚ್ಚಿನ ಪ್ರಕಟಣೆ ಬಂತು. ತಳವೂರದ ಗುಲ್ಲನ್ನು ನಂಬಿ ಕಾಯಬಾರದು ಎನ್ನುವುದು ಎಷ್ಟು ನಿಜವೋ, ಹಳೆಯ ಪೆಟ್ಟಿಗೆಯೊಳಗೆ ಕಾಲ ಸುಮ್ಮನೆ ಕೂತಿರುವುದಿಲ್ಲ ಎನ್ನುವುದೂ ಅಷ್ಟೇ ನಿಜ.

ಅಂದಿನಿಂದ ನಾನು ಹೀಗೆ ನಿರ್ಧರಿಸುತ್ತೇನೆ. ಅಚ್ಚು ಗೊತ್ತಿರುವ ಮಾಲೀಕರ ಬಳಿ ಇದ್ದು, ಕಳೆದ ಹತ್ತು ಹದಿನೈದು ವರ್ಷಗಳಲ್ಲಿ ಒಮ್ಮೆಯಾದರೂ ಬಂದಿದ್ದರೆ ಕಾಯುತ್ತೇನೆ. 1971ರಲ್ಲಿ ಮೊದಲು ಬಂದ ಏರ್‌ಫಿಕ್ಸ್‌ನ 1/12 ಬೆಂಟ್ಲಿ ಎಷ್ಟೋ ಸಲ ಮಾಯವಾಗಿ ಎಷ್ಟೋ ಸಲ ಮರಳಿದೆ. ಅಂಥದ್ದಕ್ಕೆ ಹೆಚ್ಚು ಬೆಲೆ ತೆರುವ ಅಗತ್ಯವಿಲ್ಲ. ಅಚ್ಚು ತಿದ್ದಿಹೋಗಿದೆ, ಮಾಲೀಕರ ಸುಳಿವಿಲ್ಲ ಎಂದಾದರೆ ಒಳ್ಳೆಯ ಸ್ಥಿತಿಯ ಹಳೆಯದು ಸಿಕ್ಕಾಗ ಕೊಳ್ಳುತ್ತೇನೆ, ಆದರೆ ಟೈರು, ಗಾಜು, ಡೆಕಾಲ್‌ನ ಚಿತ್ರ ಕೇಳಿ ನೋಡಿದ ಮೇಲೆಯೇ. ಸೀಮಿತ ಆವೃತ್ತಿ ಬೇಕೇ ಬೇಕೆಂದರೆ ಮುಂಗಡ ಬುಕಿಂಗ್. ಲಾಭಕ್ಕೆ ಮಾರಲೆಂದು ಪೆಟ್ಟಿಗೆ ಕೂಡಿಡುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಒಂದು ಮರುಬಿಡುಗಡೆ ಬಂದರೆ ಜೋಡಿಸುವವರೆಲ್ಲ ಅತ್ತ ಹೋಗುತ್ತಾರೆ, ಅಟ್ಟದ ಮೇಲಿನ ಪೆಟ್ಟಿಗೆಗಳ ಬೆಲೆ ಕುಸಿಯುತ್ತದೆ. ಅದಕ್ಕಿಂತ ಹೆಚ್ಚಾಗಿ, ಕಿಟ್ ಇರುವುದು ಜೋಡಿಸಲಿಕ್ಕೆ.

ಭಾರತದಲ್ಲಿರುವವರು ಸುಂಕವನ್ನು ಮರೆಯುವಂತಿಲ್ಲ. ಆಟಿಕೆಗಳ ಮೇಲಿನ ಮೂಲ ಆಮದು ಸುಂಕ 2020ರಲ್ಲಿ 20ರಿಂದ 60 ಪ್ರತಿಶತಕ್ಕೆ, 2023ರಲ್ಲಿ 70ಕ್ಕೆ ಏರಿತು. 2021ರ ಜನವರಿಯಿಂದ ಆಟಿಕೆಗಳ ಗುಣಮಟ್ಟ ನಿಯಂತ್ರಣ ಆದೇಶವೂ ಜಾರಿಗೆ ಬಂತು. ಅಂಗಡಿಗಳಲ್ಲಿ ವಿದೇಶಿ ಕಿಟ್‌ಗಳು ವಿರಳವಾಗಿ, ತುಟ್ಟಿಯಾಗಿರುವುದಕ್ಕೆ ಇವು ದೊಡ್ಡ ಕಾರಣ. ವ್ಯಾಪಾರಕ್ಕೆ ತರಿಸುವ ಮಾಲಿಗೂ ಸ್ವಂತಕ್ಕೆ ಅಂಚೆಯಲ್ಲಿ ತರಿಸುವುದಕ್ಕೂ ದರ ಬೇರೆ, ಬಜೆಟ್ಟಿನಿಂದ ಬಜೆಟ್ಟಿಗೆ ಬದಲಾಗುತ್ತದೆ. ಆರ್ಡರ್ ಮಾಡುವ ದಿನದ ದರವನ್ನೇ ನೋಡಿ. ಸುಂಕ ಬೀಳುವುದು ಕಿಟ್ಟಿನ ಬೆಲೆಯ ಮೇಲೆ ಮಾತ್ರವಲ್ಲ, ಸಾಗಣೆ ಮತ್ತು ವಿಮೆ ಕೂಡಿದ ಮೊತ್ತದ ಮೇಲೆ. ಜಿಎಸ್‌ಟಿ ಬೀಳುವುದು ಸುಂಕವೂ ಸೇರಿದ ಮೇಲಿನ ಮೊತ್ತದ ಮೇಲೆ. ಹೊರದೇಶದಲ್ಲಿ ನೆಲೆಸಿದ ಕನ್ನಡಿಗ ಹವ್ಯಾಸಿಗಳಿಗೆ ಈ ಕಷ್ಟವಿಲ್ಲ, ಅವರು ನಿಶ್ಚಿಂತೆಯಿಂದ ಕಾಯಬಹುದು.

ಪುಸ್ತಕ ಮತ್ತು ಪೆಟ್ಟಿಗೆ

ಒಂದು ನೋಟ್‌ಬುಕ್ ಇಡಿ. ಕೇಳಿದ ಸುದ್ದಿ, ದಿನಾಂಕ, ಯಾರಿಂದ, ಅಚ್ಚು ಯಾರ ಬಳಿ, ನಿಮ್ಮ ಊಹೆ ಏನು, ಕೊನೆಗೆ ಆದದ್ದೇನು. ಎರಡು ವರ್ಷ ಬರೆದರೆ ಯಾರ ಮಾತು ನಿಜವಾಗುತ್ತದೆ, ಯಾರು ಬರೀ ಆಸೆಯನ್ನೇ ಸುದ್ದಿ ಮಾಡುತ್ತಾರೆ ಎಂಬುದು ಸ್ಪಷ್ಟವಾಗುತ್ತದೆ. ನನ್ನ ಪುಸ್ತಕದಲ್ಲಿ ಜಿಪ್ಸಿಯ ಪುಟದಲ್ಲಿ ಏಳು ಸಾಲುಗಳಿವೆ, ಕೊನೆಯ ಅಂಕಣ ಏಳರಲ್ಲೂ ಖಾಲಿ.

ಕಾದ ಕಿಟ್ ಕೊನೆಗೂ ಬಂದ ದಿನ ಜೋಡಿಸಲು ಪುರುಸೊತ್ತಿಲ್ಲದಿದ್ದರೂ ಪೆಟ್ಟಿಗೆ ತೆರೆಯಿರಿ. ಸೂಚನಾ ಹಾಳೆಯ ಪಟ್ಟಿಯೊಡನೆ ಚೌಕಟ್ಟುಗಳನ್ನು ಎಣಿಸಿ. ಬಾಡಿ ತಿರುಚಿಕೊಂಡಿದೆಯೇ ಎಂದು ಗಾಜಿನ ಮೇಲಿಟ್ಟು ನೋಡಿ. ತಪ್ಪಿಹೋದ ಭಾಗಕ್ಕೆ ದೂರು ಕೊಡುವುದಿದ್ದರೆ ಅದೇ ವಾರ ಕೊಡಬೇಕು. ಡೆಕಾಲ್ ಹಾಳೆಯನ್ನು ಮುಚ್ಚಿದ ಚೀಲಕ್ಕೆ ಹಾಕಿ ಬಿಸಿಲು ಬೀಳದ ಕಡೆ ಇಡಿ, ಮಂಗಳೂರು, ಕಾರವಾರದ ಕಡೆಯವರು ತೇವ ಹೀರುವ ಸಿಲಿಕಾ ಪೊಟ್ಟಣವನ್ನೂ ಜೊತೆಗಿಡಿ. ಟೈರುಗಳನ್ನು ಬೇರೆ ಪುಟ್ಟ ಚೀಲದಲ್ಲಿ ಕಟ್ಟಿ, ಗಾಜಿನ ಭಾಗಗಳಿಂದ ದೂರ, ಪೆಟ್ಟಿಗೆಯ ಇನ್ನೊಂದು ಮೂಲೆಗೆ ಸೇರಿಸಿ.